ಕಾಗೆ ಬಂಗಾರ ಅರೆದ ವರ್ಷ

ಉಮ್ಮತ್ತೂರಿನಲ್ಲಿ ನಾವು ಹುಡುಗಿಯರು ಮಳೆ ನಿಂತ ಕೂಡಲೇ ಹೊಲದ ಬದುವಿಗೆ ಓಡುತ್ತಿದ್ದೆವು. ಕೆಂಪು ಮಣ್ಣು ತೊಳೆದುಹೋದ ಕಡೆ ಕಾಗೆ ಬಂಗಾರ ಹೊಳೆಯುತ್ತ ಬಿದ್ದಿರುತ್ತಿತ್ತು. ಉಗುರಿನಿಂದ ಎಬ್ಬಿಸಿದರೆ ಈರುಳ್ಳಿಯ ಹಾಗೆ ಪದರ ಪದರವಾಗಿ ಏಳುವುದು. ಒಂದು ಪದರ ತೆಗೆದರೆ ಕೆಳಗೆ ಇನ್ನೊಂದು, ಅದನ್ನು ತೆಗೆದರೆ ಮತ್ತೊಂದು. ಬಗ್ಗಿಸಿದರೆ ಬಗ್ಗುವುದು, ಬಿಟ್ಟರೆ ತಾನಾಗಿ ನೆಟ್ಟಗಾಗುವುದು. ಗೊಂಬೆಗೆ ಓಲೆ ಮಾಡುತ್ತಿದ್ದೆವು, ಕೆನ್ನೆಗೆ ಉಜ್ಜಿಕೊಂಡು ಮದುವಣಗಿತ್ತಿಯರಾಗುತ್ತಿದ್ದೆವು. ಸ್ಕೂಲ್ ಮೇಷ್ಟರಾಗಿದ್ದ ನಮ್ಮಪ್ಪ ನೋಡಿ, "ಕಾಗೆ ಬಂಗಾರ ಕಾಗೆಗೂ ಬೇಡ, ಮುಖ ತೊಳ್ಕೊ ಹೋಗು" ಅನ್ನುತ್ತಿದ್ದರು. ಅದಕ್ಕೆ ಅಭ್ರಕ ಅನ್ನುವ ದೊಡ್ಡ ಹೆಸರಿದೆ ಎಂದು ನನಗೆ ಗೊತ್ತಾದದ್ದು ಮದುವೆಯಾಗಿ, ಕಾಯಿಲೆ ಬಿದ್ದು, ಮನೆಯಿಂದ ಹೊರಗೆ ಮಲಗಿದ ಮೇಲೆ.

ನನ್ನನ್ನು ಕೊಟ್ಟದ್ದು ಗುಂಡ್ಲುಪೇಟೆಯ ಆಚೆಯ ಒಂದು ಊರಿಗೆ. ಹೊಸಿಲಲ್ಲಿ ನಿಂತರೆ ಗೋಪಾಲಸ್ವಾಮಿ ಬೆಟ್ಟ ಎದುರಿಗೇ ಕಾಣುತ್ತದೆ, ಅಂದರೆ ಮಂಜು ಬಿಟ್ಟ ದಿನ ಕಾಣುತ್ತದೆ. ಐವತ್ತರ ದಶಕದ ನಡುಭಾಗ. ಮನೆಯಲ್ಲಿ ಅತ್ತೆ, ಮಾವ, ಅವರ ಒಬ್ಬನೇ ಮಗ, ನಾನು. ನಮ್ಮ ಮನೆಯವರು ಬಸ್ಸೊಂದರಲ್ಲಿ ಕ್ಲೀನರ್ ಆಗಿದ್ದರು. ವಾರದಲ್ಲಿ ಒಂದೆರಡು ದಿನ ಮನೆಗೆ ಬಂದರೆ ಹೆಚ್ಚು. ಒಳ್ಳೆಯ ಮನುಷ್ಯ, ಆದರೆ ಯಾವ ಮಾತು ಕೇಳಿದರೂ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಉತ್ತರ. ಅಮ್ಮನಿಗೂ ಸೈ, ಹೆಂಡತಿಗೂ ಸೈ.

ಆ ಕಾಲದಲ್ಲಿ ನಮ್ಮ ಕಡೆ ಸೊಸೆಯಾದವಳು ಮಾವನ ಎದುರು ನಿಲ್ಲುವ ಹಾಗಿರಲಿಲ್ಲ. ಮಾತಾಡುವುದಂತೂ ಇಲ್ಲವೇ ಇಲ್ಲ. ಮಾವ ಒಳಗೆ ಬರುವ ಮುಂಚೆ ಬಾಗಿಲಲ್ಲಿ ಒಂದು ಸಲ ಕೆಮ್ಮುತ್ತಿದ್ದರು. ಕೆಮ್ಮು ಕೇಳಿದ ಕೂಡಲೇ ನಾನು ಸೆರಗು ಎಳೆದುಕೊಂಡು ಒಲೆಯ ಹಿಂದಕ್ಕೆ ಸರಿಯಬೇಕು. ಅವರಿಗೆ ನೀರು ಬೇಕಾದರೆ ಕಂಬಕ್ಕೆ ಹೇಳುತ್ತಿದ್ದರು: "ಬಾಯಾರ್ತಾ ಅದ." ನಾನು ಚೊಂಬು ತಂದು ಕಂಬದ ಬುಡದಲ್ಲಿಟ್ಟು, ಇಟ್ಟಿದ್ದೇನೆ ಅಂತ ತಿಳಿಯಲಿಕ್ಕೆ ಬಳೆ ಒಂದು ಸಲ ಸದ್ದು ಮಾಡಿ ಹೋಗಬೇಕು. ಎರಡು ವರ್ಷ ಒಂದೇ ಸೂರಿನಡಿ ಇದ್ದರೂ ನಾನು ಅವರ ಮುಖವನ್ನು ಸರಿಯಾಗಿ ನೋಡಿರಲಿಲ್ಲ. ಪಾದ ಮಾತ್ರ ಚೆನ್ನಾಗಿ ಗೊತ್ತಿತ್ತು.

ಹೀಗಾಗಿ ನನಗೆ ಕೆಮ್ಮು ಶುರುವಾದಾಗ ಅದು ಕಾಯಿಲೆ ಅಂತ ಯಾರಿಗೂ ಅನ್ನಿಸಲೇ ಇಲ್ಲ. ಮಾವ ಬಾಗಿಲಲ್ಲಿ ಕೆಮ್ಮುವರು, ನಾನು ಒಲೆಯ ಹಿಂದೆ ಕೆಮ್ಮುವೆ. ಅತ್ತೆಗೆ ಮೈ ಉರಿದುಹೋಯಿತು. "ಏನಮ್ಮಿ, ಮಾವನ್ನ ಅಣಕಿಸ್ತಾ ಇದ್ದಿಯಾ? ನಿಮ್ಮಪ್ಪ ಮೇಷ್ಟ್ರು ಕಲ್ಸಿರದು ಇದ್ನೇಯಾ?" ಅಂದರು. ಅವತ್ತಿನಿಂದ ಮಾವ ಮನೆಯಲ್ಲಿದ್ದಷ್ಟು ಹೊತ್ತೂ ಸೆರಗು ಬಾಯಿಗೆ ತುರುಕಿಕೊಂಡು ಕೆಮ್ಮು ನುಂಗಿದೆ. ರಾಗಿ ತೆನೆ ಕಟ್ಟುವ ಹೊತ್ತಿಗೆ ಆ ಸೆರಗಿನಲ್ಲಿ ರಕ್ತ ಕಾಣಿಸಿತು. ಅದನ್ನು ಒಗೆಯುವ ಕಲ್ಲಿನ ಹತ್ತಿರ ನೋಡಿದವರೂ ಅತ್ತೆಯೇ. ಅವರು ಆಗ ಬೈಯಲಿಲ್ಲ, ಆ ಕಲ್ಲಿನ ಮೇಲೇ ಕೂತುಬಿಟ್ಟರು.

ಗುಂಡ್ಲುಪೇಟೆ ಆಸ್ಪತ್ರೆಯ ಡಾಕ್ಟರು ಕ್ಷಯ ಅಂದರು. ಮೈಸೂರಿನ ಸ್ಯಾನಟೋರಿಯಂನಲ್ಲಿ ಜಾಗ ಸಿಗುವುದು ಕಷ್ಟ, ಇಲ್ಲಿಗೇ ಬಂದು ಸೂಜಿ ಹಾಕಿಸಿಕೊಳ್ಳಿ, ಹಾಲು ಮೊಟ್ಟೆ ಕೊಡಿ, ಗಾಳಿ ಬರುವ ಕಡೆ ಬೇರೆಯಾಗಿ ಮಲಗಿಸಿ, ನಿಧಾನಕ್ಕೆ ಆಗುವ ಕೆಲಸ ಇದು, ಅಂತ ಹೇಳಿ ಕಳಿಸಿದರು. ನಮ್ಮ ಮನೆಯ ಹಿತ್ತಿಲ ಬೇಲಿ ದಾಟಿದರೆ ಕಣ. ಕಣದ ಅಂಚಿಗೆ ನೇಗಿಲು, ಹಗ್ಗ, ಹಳೇ ಗೋಣಿಚೀಲ ಇಡುತ್ತಿದ್ದ ಮಣ್ಣುಗೋಡೆಯ ಗುಡಿಸಲಿತ್ತು. ಅದನ್ನು ಸಾರಿಸಿ, ಮಂಚ ಹಾಕಿ, ನನ್ನನ್ನು ಅಲ್ಲಿಟ್ಟರು. ಬೇರೆ ಇಡಿ ಅಂದವರು ಡಾಕ್ಟರೇ, ಯಾರನ್ನೂ ಬೈಯುವ ಹಾಗಿಲ್ಲ. ಆದರೂ ಎಲ್ಲರನ್ನೂ ಮನಸ್ಸಿನಲ್ಲೇ ಬೈದುಕೊಂಡೆ.

ಒಂಟಿತನ ಅಂದರೆ ಏನು ಅಂತ ಕೇಳಿದರೆ ನನಗೆ ಒಂದು ಕಲ್ಲು ನೆನಪಾಗುತ್ತದೆ. ಗುಡಿಸಲಿಗೂ ಬೇಲಿಗೂ ನಡುವೆ ಇದ್ದ ಚಪ್ಪಡಿ. ಅತ್ತೆ ಅದರ ಮೇಲೆ ತಟ್ಟೆ ಇಟ್ಟು, "ಅಮ್ಮಿ, ಮುದ್ದ ಅದ" ಎಂದು ಕೂಗಿ, ನಾನು ಎದ್ದು ಬಾಗಿಲಿಗೆ ಬರುವಷ್ಟರಲ್ಲಿ ಬೇಲಿ ದಾಟಿರುತ್ತಿದ್ದರು. ನನ್ನ ತಟ್ಟೆ, ನನ್ನ ಲೋಟ, ಉಗುಳಲು ಬೂದಿ ಹಾಕಿದ ನನ್ನ ಮಡಕೆ. ಕಣದ ಹಾದಿಯಲ್ಲಿ ನೀರಿಗೆ ಹೋಗುತ್ತಿದ್ದ ಹೆಂಗಸರು ದಾರಿ ಬದಲಿಸಿದರು. ಅವರು ಬದಲಿಸಿದ್ದು ನನಗೆ ಹೇಗೆ ಗೊತ್ತಾಯಿತು ಅಂದರೆ, ದಿನಾ ಕೇಳುತ್ತಿದ್ದ ನಗು ಒಂದು ದಿನ ಕೆರೆಯ ಏರಿಯ ಕಡೆಯಿಂದ ಕೇಳಿಸಿತು. ಅವತ್ತು ಊಟ ಸೇರಲಿಲ್ಲ. ಗಂಡ ಬಂದಾಗ ಬೇಲಿಯ ಆಚೆ ನಿಂತು "ಹೆಂಗಿದ್ದೀ?" ಅನ್ನುವರು, ನಾನು "ಇದ್ದೀನಿ" ಅನ್ನುವೆ, ಅಲ್ಲಿಗೆ ನಮ್ಮ ಸಂಸಾರ ಮುಗಿಯಿತು. ಕೆಲವು ದಿನ ನನ್ನ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ. ಗಂಟಲು ಇದೆಯೋ ಇಲ್ಲವೋ ನೋಡಲು ಅಪ್ಪ ಕಲಿಸಿದ ಮಗ್ಗಿಯನ್ನು ಗೋಡೆಗೆ ಒಪ್ಪಿಸುತ್ತಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ಅತ್ತೆ ಮಾವ ಕಣದಲ್ಲಿ ಹುರುಳಿ ಬಡಿಯುತ್ತ ಜಗಳ ತೆಗೆದರು. ನಾನು ಒಳಗೆ ಇದ್ದೇನೆ ಅಂತ ಅತ್ತೆಗೆ ಗೊತ್ತಿತ್ತು, ಆದರೂ ದನಿ ತಗ್ಗಿಸಲಿಲ್ಲ.

"ಒಬ್ನೇ ಮಗ. ಇವ್ಳು ಒರಗಿಂದ ಒಳಗ ಬರದು ಯಾವತ್ಗ? ನಮ್ಮಣ್ಣನ ಮಗಳು ಅವ್ಳ. ಕೇಳುದ್ರ ಇಲ್ಲ ಅನ್ನಲ್ಲ. ಇವಳ್ನ ಉಮ್ಮತ್ತೂರ್ಗ ಕಳಿಸ್ಬುಡನ" ಅಂದರು ಅತ್ತೆ.

ಕೋಲಿನ ಸದ್ದು ನಿಂತಿತು. ಮಾವ ಹೇಳಿದರು. "ಚಾಮರಾಜನಗರದ ಪಂಡಿತರ್ನ ಕಂಡು ಔಸ್ತಿ ಮಾಡಿಸ್ತೀನಿ. ಔಸ್ತಿ ಆಗ್ಲಿ. ಆದ್ಮೇಲ ಒಂದ್ ಮಂಡ್ಲ ತಿನ್ಲಿ. ಆಗ್ಲೂ ವಾಸಿ ಆಗ್ನಿಲ್ಲ ಅಂದ್ರ ನಿನ್ ಇಷ್ಟ. ಅಲ್ಲೀಗಂಟ ಈ ಅಟ್ಟಿಗ ಬ್ಯಾರೆ ಎಣ್ಣು ಬರ್ಕೂಡ್ದು. ಬೆಟ್ಟದ ದೇವ್ರ ಮ್ಯಾಲ ಆಣೆ ಮಾಡು."

ಅತ್ತೆ ಗೊಣಗಿದರು, ಮೂಗು ಸೀಟಿದರು, ಕೊನೆಗೆ ಬೆಟ್ಟದ ಕಡೆ ತಿರುಗಿ ಆಣೆ ಮಾಡಿದರು. ನಾನು ಮಂಚದ ಮೇಲೆ ಮುದುರಿ ಕೂತು ಕೇಳಿಸಿಕೊಂಡೆ. ಉಮ್ಮತ್ತೂರಿನಲ್ಲಿ ನನಗೆ ಉಳಿದದ್ದು ಏನೂ ಇರಲಿಲ್ಲ. ಅವ್ವ ಮೊದಲೇ ಇರಲಿಲ್ಲ, ಮದುವೆಯ ಮರುವರ್ಷವೇ ಅಪ್ಪನೂ ತೀರಿಕೊಂಡಿದ್ದರು. ಅಣ್ಣನ ಮನೆಯಲ್ಲಿ ತೊಟ್ಟಿಲ ಕೂಸಿತ್ತು. ಕೆಮ್ಮುವ ತಂಗಿಯನ್ನು ಅವನಾದರೂ ಎಲ್ಲಿ ಮಲಗಿಸುತ್ತಾನೆ? ಈ ಗುಡಿಸಲು ಬಿಟ್ಟರೆ ನನಗೆ ಜಗತ್ತಿನಲ್ಲಿ ಇನ್ನೊಂದು ಜಾಗ ಇರಲಿಲ್ಲ, ಅದೂ ಔಷಧಿ ಆಗುವವರೆಗೆ ಮಾತ್ರ.

ಮಾವ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹಿಡಿದು ಚಾಮರಾಜನಗರಕ್ಕೆ ಹೋಗಿ ಬಂದರು. ಬಂದವರು ಹೋರಿಗರುವನ್ನು ತಂದು ಗುಡಿಸಲ ಮುಂದಿನ ಹೊಂಗೆಮರಕ್ಕೆ ಕಟ್ಟಿದರು. ಮರದ ಕೆಳಗೆ ನನಗೆ ಬೆನ್ನು ಕೊಟ್ಟು ಕೂತು, ಕರುವಿನ ಜೊತೆ ಮಾತು ಶುರು ಮಾಡಿದರು. "ಕೇಳ್ಲಾ," ಅಂದರು. "ಪಂಡಿತರು ಅಂದ್ರು, ಅಭ್ರಕದ ಭಸ್ಮ ಎದೆಗ ಒಳ್ಳೇದಂತ. ಅವ್ರಿಗ ವಯಸ್ಸಾಗದ, ಅರಿಯಕ್ಕ ಕೈಯಾಗಲ್ವಂತ. ನೀನೇ ಅರಿ ಅಂದವ್ರ. ಪೂರಾ ಮಿಂಚು ಓಗೋಗಂಟ ಅರಿಬೇಕು, ಸುಡ್ಬೇಕು, ತಿರ್ಗಾ ಅರಿಬೇಕು. ಒಂದ್ ಚೂರು ಮಿಂಚು ಉಳುದ್ರೂ ಅದು ಔಸ್ತಿ ಅಲ್ಲ, ವಿಷ. ಮಿಂಚು ಓಗೋಗಂಟ ನನ್ನತ್ರ ತರ್ಬ್ಯಾಡ ಅಂದ್ರು."

ಕರು ಬಾಲ ಬೀಸಿತು. ಇಷ್ಟುದ್ದ ಮಾತನ್ನು ಮಾವ ತಮ್ಮ ಹೆಂಡತಿಯ ಜೊತೆಗೂ ಆಡಿದ್ದನ್ನು ನಾನು ಕೇಳಿರಲಿಲ್ಲ. ಅದು ಕರುವಿಗೆ ಹೇಳಿದ ಮಾತಲ್ಲ ಅಂತ ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ, ಮಂಚದ ಮೇಲಿಂದಲೇ ಬಳೆ ಒಂದು ಸಲ ಸದ್ದು ಮಾಡಿದೆ. ಅವರು ತಲೆ ಆಡಿಸಿ ಎದ್ದು ಹೋದರು.

ಅಭ್ರಕದಲ್ಲಿ ಜಾತಿ ಬೇರೆ ಇದೆಯಂತೆ. ಬೆಟ್ಟದ ತಪ್ಪಲಿನಿಂದ ಮಾವ ಬಿಳಿಯದು, ಕಂದುಬಣ್ಣದ್ದು, ಕರಿಯದು ಎಲ್ಲ ಆಯ್ದು ತಂದು ಕಣದಲ್ಲಿ ಬೆಂಕಿ ಹಾಕಿ ಒಂದೊಂದನ್ನೇ ಇಟ್ಟು ನೋಡಿದರು. ನಾನು ಬಾಗಿಲ ಸಂದಿಯಿಂದ ನೋಡಿದೆ. ಒಂದು ಚೂರು ಬೆಂಕಿ ತಾಗಿದ್ದೇ ಪದರ ಬಿಚ್ಚಿಕೊಂಡು ಅರಳಿತು. ಇನ್ನೊಂದು ಚೂರು, ಕಪ್ಪೆಯ ಹಾಗೆ ಸದ್ದು ಮಾಡಿ ಎಗರಿ ಬೂದಿಗೆ ಬಿತ್ತು. ಹಾವಿನ ಹಾಗೆ ಬುಸುಗುಟ್ಟುವುದೂ ಒಂದಿದೆಯಂತೆ. ಅವತ್ತು ಬುಸುಗುಟ್ಟಿದ್ದು ಅದೋ ಹಸಿ ಸೌದೆಯೋ ನಾನು ಹೇಳಲಾರೆ. ಕೊನೆಗೆ ಒಂದು ಕರಿಯ ಚೂರು ಕೆಂಡದ ನಡುವೆ ಏನೂ ಆಗದವರ ಹಾಗೆ ಸುಮ್ಮನೆ ಕೂತಿತ್ತು. ಮಾವ ಅದನ್ನು ಚಿಮಟದಲ್ಲಿ ಎತ್ತಿ ಕರುವಿಗೆ ತೋರಿಸಿದರು. "ಇದೇ ಕಣ್ಲಾ. ಉರಿಗ ಇಟ್ರೂ ಬಾಯಿ ಬುಡ್ದೆ ಕೂತಿರೋದೇ ಔಸ್ತಿಗ ಬೇಕಾದ್ದಂತ." ನಮ್ಮ ಕಡೆ ಸೊಸೆ ಆರಿಸುವುದೂ ಹೀಗೇ ಅಲ್ಲವೇ ಅಂತ ನನಗೆ ನಗು ಬಂತು. ನಕ್ಕದ್ದಕ್ಕೆ ಕೆಮ್ಮು ಬಂತು.

ಆಮೇಲೆ ಶುರುವಾಯಿತು ನೋಡಿ ಕೆಲಸ. ಕರಿ ಅಭ್ರಕವನ್ನು ಕಾಯಿಸಿ ಹಾಲಿನಲ್ಲಿ ಅದ್ದಿದರು. ಭತ್ತದ ಜೊತೆ ಸೇರಿಸಿ ಕಂಬಳಿಯ ತುಂಡಿನಲ್ಲಿ ಗಂಟು ಕಟ್ಟಿ ಗಂಜಿಯಲ್ಲಿ ನೆನೆಹಾಕಿದರು. ನೆನೆದ ಗಂಟನ್ನು ನೀರೊಳಗೆ ಹಿಸುಕಿದರೆ ಕಂಬಳಿಯ ನೂಲಿನ ಸಂದಿಯಿಂದ ಸಣ್ಣ ಪುಡಿ ಮಾತ್ರ ಹೊರಗೆ ಬರುವುದು, ನೀರೆಲ್ಲ ಮಿರಮಿರ ಮಿಂಚುವುದು. ಅದನ್ನು ಒಣಗಿಸಿ ಎಕ್ಕದ ಎಲೆಯ ರಸ ಹಾಕಿ ಕಲ್ಲಿನಲ್ಲಿ ಅರೆಯಬೇಕು. ಅರೆದು ಬಿಲ್ಲೆ ತಟ್ಟಿ, ಎರಡು ಮಣ್ಣಿನ ತಟ್ಟೆಗಳ ನಡುವೆ ಇಟ್ಟು, ಬಾಯಿಗೆ ಬಟ್ಟೆ ಮಣ್ಣು ಮೆತ್ತಿ, ಗುಂಡಿಯಲ್ಲಿ ಬೆರಣಿ ಜೋಡಿಸಿ ಸುಡಬೇಕು. ಆರಿದ ಮೇಲೆ ತೆಗೆದು ಮತ್ತೆ ಅರೆಯಬೇಕು. ಹೀಗೆ ಎಷ್ಟು ಸಲ ಅಂದರೆ ಪಂಡಿತರು ನೂರು ಅಂದಿದ್ದರಂತೆ. ಎಣಿಸಿದವರು ಯಾರು? ಬೆಳಿಗ್ಗೆ ಎದ್ದರೆ ಹೊಂಗೆಮರದ ಕೆಳಗೆ ಕಲ್ಲಿನ ಮೇಲೆ ಕಲ್ಲು ಆಡುವ ಸದ್ದು. ಮಾವ ಹೊಲದ ಕೆಲಸ ಮುಗಿಸಿ ಬಂದ ಮೇಲೂ ಅದೇ ಸದ್ದು. ಆ ಸದ್ದು ಇದ್ದ ದಿನ ನಾನು ಮಗ್ಗಿ ಒಪ್ಪಿಸುತ್ತಿರಲಿಲ್ಲ.

ಮಳೆ ಹಿಡಿದಾಗ ಗುಡಿಸಲ ಕಿಟಕಿಗೆ ತೆಂಗಿನ ಗರಿ ಮುಚ್ಚಿದರೆ ಒಳಗೆ ಹಗಲೂ ಕತ್ತಲೆ. ಗುಂಡ್ಲುಪೇಟೆಯಲ್ಲಿ ಲಾಂದ್ರ ರಿಪೇರಿ ಮಾಡುವ ಸಾಬರೊಬ್ಬರಿದ್ದರು. ಮಾವ ಅವರ ಹತ್ತಿರ ಹೋಗಿ ಬಿಳಿ ಅಭ್ರಕದ ಅಗಲವಾದ ಹಾಳೆ ತಂದು ಕಿಟಕಿಗೆ ಮರದ ಪಟ್ಟಿ ಹೊಡೆದು ಕೂರಿಸಿದರು. "ಸಾಬರು ಅಂದ್ರು ಕಣ್ಲಾ," ಅಂದರು ಕರುವಿಗೆ, "ಗಾಜು ಬಿಸಿಗೆ ಬಿರೀತದ, ಇದು ಬಿರಿಯಲ್ಲ. ಲಾಂದ್ರಕ್ಕ, ಒಲೆ ಬಾಗ್ಲುಗ, ಕರೆಂಟಿನ ಇಸ್ತ್ರಿ ಪೆಟ್ಗೆ ಒಳಕ್ಕ ಎಲ್ಲಾ ಇದ್ನೇ ಆಕದಂತ. ಬೆಳಕ ಬುಡ್ತದ, ಗಾಳಿ ಮಳೆ ಬುಡಲ್ಲ." ಆ ಕಿಟಕಿಯಿಂದ ಹಿತ್ತಿಲು ಕಾಣುತ್ತಿತ್ತು. ಅತ್ತೆ ಬಟ್ಟೆ ಒಣಹಾಕುವುದು, ಗಂಡ ಸೈಕಲ್ ಒರೆಸುವುದು, ಎಲ್ಲವೂ ತೆಳು ಕಾಫಿಯ ಬಣ್ಣದಲ್ಲಿ. ಎಲ್ಲರೂ ಇದ್ದರು, ಯಾರ ಮಾತೂ ಕೇಳುತ್ತಿರಲಿಲ್ಲ. ಒಂದೊಂದು ಸಲ ಅದನ್ನು ನೋಡುವುದಕ್ಕಿಂತ ಕತ್ತಲೆಯೇ ವಾಸಿ ಅನ್ನಿಸುತ್ತಿತ್ತು. ಆದರೂ ಬೆಳಗಾದರೆ ಕಿಟಕಿಯ ಹತ್ತಿರವೇ ಕೂರುತ್ತಿದ್ದೆ.

ಸೂಜಿಗೆ ಎತ್ತಿನ ಗಾಡಿಯಲ್ಲಿ ಗುಂಡ್ಲುಪೇಟೆಗೆ ಹೋಗಿ ಬರುವುದು ನಡೆದೇ ಇತ್ತು. ಮಾವನಿಗೆ ಅದರಲ್ಲಿ ಭೇದವಿರಲಿಲ್ಲ. ಸೂಜಿ ಅದರ ಪಾಡಿಗೆ, ಔಷಧಿ ಅದರ ಪಾಡಿಗೆ. ಆದರೆ ಅವರಿಗೆ ಒಂದು ಕಷ್ಟವಿತ್ತು. ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಅರೆದ ಪುಡಿಯಲ್ಲಿ ಮಿಂಚು ಇದೆಯೋ ಇಲ್ಲವೋ ಬಿಸಿಲಿಗೆ ಹಿಡಿದು ನೋಡಬೇಕು. ಅವರು ಬೆರಳಿಗೆ ಒಂದಿಷ್ಟು ಸವರಿಕೊಂಡು ಕಣ್ಣಿನ ಹತ್ತಿರಕ್ಕೆ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದು ನೋಡುವರು. ಕೊನೆಗೆ ಒಂದು ದಿನ ಮುತ್ತುಗದ ಎಲೆಯಲ್ಲಿ ಪುಡಿ ಹಾಕಿ ನನ್ನ ಹೊಸಿಲ ಮೇಲಿಟ್ಟು, ದೂರ ಹೋಗಿ ಬೆನ್ನು ತಿರುಗಿಸಿ ಕೂತರು. "ಮಿಂಚು ಅದಾ ಇಲ್ವಾ ಅಂತ ಯಾರಾರ ಕಣ್ಣು ಕಾಣೋರು ನೋಡಿ ಏಳ್ಬೇಕು ಕಣ್ಲಾ," ಅಂದರು.

ಇದಕ್ಕೆ ಬಳೆಯ ಸದ್ದು ಸಾಲದು. ನಾನು ಎಲೆ ಎತ್ತಿ ಬಿಸಿಲಿಗೆ ಹಿಡಿದೆ. ಕರಿಪುಡಿಯ ತುಂಬ ಸೂಜಿಮೊನೆಯಷ್ಟು ಸಣ್ಣ ಸಣ್ಣ ಬೆಳಕು. ಸೆರಗು ಮುಖಕ್ಕೆ ಎಳೆದುಕೊಂಡು, ಕರುವಿನ ಕಡೆ ತಿರುಗಿ, "ಮಿಂಚ್ತಾ ಅದ" ಅಂದೆ. ಮದುವೆಯಾದ ಮೇಲೆ ಮಾವ ನನ್ನ ದನಿ ಕೇಳಿದ್ದು ಅದೇ ಮೊದಲು. ಅವರು ಎದ್ದು ಬಂದು ಎಲೆ ತೆಗೆದುಕೊಂಡು ಹೋಗಿ ಮತ್ತೆ ಅರೆಯಲು ಕೂತರು.

ಅಲ್ಲಿಂದ ಮುಂದೆ ಪ್ರತಿ ಸಲ ಸುಟ್ಟು ಅರೆದ ಮೇಲೆ ಇದೇ ನಡೆಯಿತು. ಎಲೆ ಹೊಸಿಲಿಗೆ ಬರುವುದು, ನಾನು ನೋಡುವುದು, ಕರುವಿಗೆ ಹೇಳುವುದು. ಆ ಕರುವಿನ ಹೆಸರಿನಲ್ಲಿ ನಾವು ಏನೇನೋ ಮಾತಾಡಿದೆವು. ಬೆಟ್ಟಕ್ಕೆ ಮಂಜು ಬಂತಾ, ಹಾಲು ಸೇರ್ತಾ, ಇವತ್ತು ರಕ್ತ ಬಿತ್ತಾ ಇಲ್ವಾ. ಒಂದು ಸಲ ಅವರು, "ಇದರವ್ವ ಸತ್ತಾಗ ಇದೂ ಮೇವು ಬುಟ್ಟಿತ್ತು, ಈಗ ತಿಂತಾ ಅದ," ಅಂದರು. ನಾನು ಊಟ ಮಾಡದೆ ಇಟ್ಟಿದ್ದ ತಟ್ಟೆ ನೋಡಿ ಹೇಳಿದ್ದು ಅದು. ನಾನು ಎದ್ದು ಊಟ ಮಾಡಿದೆ. ಅಪ್ಪ ಹೋದ ಮೇಲೆ ಉಂಡೆಯಾ ಅಂತ ನನ್ನನ್ನು ಕೇಳಿದವರು ಅವರೊಬ್ಬರೇ.

ಪುಡಿ ಬಣ್ಣ ತಿರುಗುತ್ತ ಬಂತು. ಕರಿ ಹೋಗಿ ಕಂದು, ಕಂದು ಹೋಗಿ ಇಟ್ಟಿಗೆಪುಡಿಯ ಕೆಂಪು. ಮಿಂಚೂ ಕಡಿಮೆಯಾಗುತ್ತ ಬಂತು. ಸಂಕ್ರಾಂತಿ ಕಳೆದು, ಹೊಂಗೆ ಎಲೆ ಉದುರುವ ಕಾಲಕ್ಕೆ ಒಂದು ಬೆಳಿಗ್ಗೆ ಎಲೆಯನ್ನು ಬಿಸಿಲಿಗೆ ಹಿಡಿದರೆ ಏನೂ ಇಲ್ಲ. ಆ ಕಡೆ ಓರೆ ಮಾಡಿದೆ, ಈ ಕಡೆ ಓರೆ ಮಾಡಿದೆ, ಬೆರಳಲ್ಲಿ ಉಜ್ಜಿ ನೋಡಿದೆ. ಸತ್ತ ಮಣ್ಣು.

ಔಷಧಿ ಆಯಿತು. ಇನ್ನು ಒಂದು ಮಂಡಲ, ನಲವತ್ತೆಂಟು ದಿನ. ನನಗೆ ಕೆಮ್ಮು ಇನ್ನೂ ಇತ್ತು, ಸಂಜೆಯ ಜ್ವರವೂ ಇತ್ತು. ಡಾಕ್ಟರು ಇನ್ನೂ ಬಹಳ ದಿನ ಸೂಜಿ ಬೇಕು ಅಂದಿದ್ದರು. ಮಂಡಲ ಮುಗಿಯುವಷ್ಟರಲ್ಲಿ ವಾಸಿಯಾಗುವ ಕಾಯಿಲೆ ಇದಲ್ಲ ಅಂತ ನನಗೆ ಗೊತ್ತಿತ್ತು. ಮಂಡಲ ಮುಗಿದರೆ ಅತ್ತೆಯ ಆಣೆಯೂ ಮುಗಿಯಿತು, ನಾನೂ ಮುಗಿದೆ. ಎಲೆಯನ್ನು ಹೊಸಿಲ ಮೇಲಿಟ್ಟು ಕರುವಿಗೆ ಹೇಳಿದೆ: "ಮಿಂಚ್ತಾ ಅದ."

ಮಾವ ಎದ್ದು ಬಂದು ಎಲೆ ಎತ್ತಿಕೊಂಡರು. ಬೆರಳಿಗೆ ಸವರಿ ಬಿಸಿಲಿಗೆ ಹಿಡಿದರು. ಆ ಹೊತ್ತಿಗೆ ಅವರಿಗೆ ಕರುವಿಗೆ ಮೂಡುತ್ತಿದ್ದ ಕೊಂಬೂ ಕಾಣುತ್ತಿರಲಿಲ್ಲ. "ನಂಗೂ ಅಂಗೇ ಕಾಣ್ತದ ಕಣ್ಲಾ," ಅಂದರು. "ಇನ್ನೂ ಅರಿಬೇಕು."

ಅರೆದರು. ಅರೆಯುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ, ಆದರೂ ಎಕ್ಕದ ರಸ ಹಿಂಡಿ ಅರೆದರು, ಬೆರಣಿ ಹೊತ್ತು ತಂದು ಸುಟ್ಟರು. ಮತ್ತೆ ಎಲೆ ಬಂತು, ಮತ್ತೆ ನಾನು "ಮಿಂಚ್ತಾ ಅದ" ಅಂದೆ. ಮಿಂಚು ಹೋದ ಪುಡಿ ಬೆರಳಿಗೆ ಬೆಣ್ಣೆಯ ಹಾಗೆ ಹತ್ತುತ್ತದೆ. ಕಣ್ಣಿಲ್ಲದಿದ್ದರೂ ವರ್ಷವೆಲ್ಲ ಅರೆದ ಕೈಗೆ ಅದು ತಿಳಿಯದೆ ಇರುತ್ತದೆಯೇ? ಅವರಿಗೆ ತಿಳಿದಿತ್ತು. ನನಗೆ ತಿಳಿದಿದೆ ಅನ್ನುವುದೂ ಅವರಿಗೆ ತಿಳಿದಿತ್ತು. ಇಬ್ಬರೂ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ, ಕರುವಿಗೂ ಹೇಳುವ ಹಾಗಿರಲಿಲ್ಲ.

ಯುಗಾದಿಗೆ ಮುಂಚೆ ಅತ್ತೆಯ ಅಣ್ಣ ಹೇಳಿಕಳಿಸಿದರು: ಹುಡುಗಿಗೆ ಬೇರೆ ಕಡೆಯಿಂದ ಕೇಳುತ್ತಿದ್ದಾರೆ, ಹಬ್ಬದ ಒಳಗೆ ಒಂದು ಮಾತು ಹೇಳಬೇಕು. ಅವತ್ತು ಅತ್ತೆ ಬೇಲಿ ದಾಟಿದರು. ನಾನು ಗುಡಿಸಲು ಸೇರಿದ ಮೇಲೆ ತಟ್ಟೆಯ ಕಲ್ಲನ್ನು ದಾಟಿ ಈಚೆ ಬಂದದ್ದು ಅದೇ ಮೊದಲು. ಬೆಳಿಗ್ಗೆಯ ಬಿಸಿಲು ಚೆನ್ನಾಗಿ ಬಿದ್ದಿತ್ತು. ಮಾವ ಅರೆಯುತ್ತ ಕೂತಿದ್ದರು, ನಾನು ಹೊಸಿಲ ಒಳಗೆ ಕೂತಿದ್ದೆ.

"ಒಂದ್ ವರ್ಷದಿಂದ ಅರಿತಾನೇ ಇದ್ದೀರಿ. ಕೊಡಿ ಇಲ್ಲಿ," ಅಂದರು ಅತ್ತೆ.

ನನ್ನ ಅತ್ತೆಯ ಕಣ್ಣು ಎಂಥದ್ದು ಅಂದರೆ ಊರಿನ ಮದುವೆಗಳಿಗೆಲ್ಲ ಅಕ್ಕಿಯ ಕಲ್ಲು ಆರಿಸಲು ಅವರನ್ನೇ ಕರೆಯುತ್ತಿದ್ದರು. ಅವರು ಚಿಟಿಕೆ ಪುಡಿ ತೆಗೆದುಕೊಂಡು ಅಂಗೈ ಮೇಲೆ ಹರಡಿ ಬಿಸಿಲಿಗೆ ಹಿಡಿದರು. ಕಲ್ಲಿನ ಸದ್ದು ನಿಂತಿತು. ನಾನು ಕಣ್ಣು ಮುಚ್ಚಿಕೊಂಡೆ. ಇವತ್ತೇ ಗಂಟು ಕಟ್ಟಬೇಕು ಅಂತ ಯೋಚನೆ ಬಂತು, ಕಟ್ಟಲು ಇದ್ದದ್ದು ಎರಡು ಸೀರೆ. ಕಣ್ಣು ಬಿಟ್ಟಾಗ ಅತ್ತೆ ಅಂಗೈ ನೋಡುತ್ತಿರಲಿಲ್ಲ. ಮಾವನ ಕೈ ನೋಡುತ್ತಿದ್ದರು. ಅರೆದು ಅರೆದು ಆ ಕೈಯ ಬೆರಳು ಸೆಟೆದು, ಎಕ್ಕದ ಹಾಲಿಗೆ ಚರ್ಮ ಸುಲಿದುಹೋಗಿತ್ತು. ಅಲ್ಲಿಂದ ಕಿಟಕಿಯ ಅಭ್ರಕದ ಹಾಳೆ ನೋಡಿದರು. ಆಮೇಲೆ ನನ್ನನ್ನು ನೋಡಿದರು, ಸೆರಗಿಲ್ಲದ ನನ್ನ ಮುಖವನ್ನು.

ಅಂಗೈಯ ಪುಡಿಯನ್ನು ಜೋಪಾನವಾಗಿ ಕಲ್ಲಿಗೆ ವಾಪಸು ಉದುರಿಸಿದರು.

"ಅದ," ಅಂದರು. "ಇನ್ನೂ ಮಿಂಚ್ತಾ ಅದ. ಅರೀರಿ."

ಕೈ ಕೊಡವಿಕೊಂಡು ಬೇಲಿ ದಾಟಿ ಹೋದರು. ಅವರ ಅಣ್ಣನ ಮಗಳ ಮದುವೆ ಹಬ್ಬವಾದ ಮೇಲೆ ನಂಜನಗೂಡಿನ ಕಡೆ ಆಯಿತು. ಅತ್ತೆ ಹೋಗಿ ಅಕ್ಕಿ ಆರಿಸಿಕೊಟ್ಟು ಬಂದರು.

ನಾನು ಆ ಔಷಧಿಯನ್ನು ಒಂದು ಚಿಟಿಕೆಯೂ ತಿನ್ನಲಿಲ್ಲ. ಮಿಂಚುವ ಔಷಧಿಯನ್ನು ತಿನ್ನುವ ಹಾಗಿಲ್ಲವಲ್ಲ. ನನ್ನನ್ನು ಉಳಿಸಿದ್ದು ಆಸ್ಪತ್ರೆಯ ಸೂಜಿ, ಹಾಲು, ಗಾಳಿ. ಅವಕ್ಕೆಲ್ಲ ಬೇಕಾಗಿದ್ದ ಕಾಲವನ್ನು ಕೊಟ್ಟದ್ದು ಕಾಗೆ ಬಂಗಾರ. ಮುಂದಿನ ಮಳೆಗಾಲ ಕಳೆದ ಮೇಲೆ ಮೈಸೂರಿಗೆ ಕರೆದೊಯ್ದು ಎದೆಯ ಫೋಟೋ ತೆಗೆಸಿದರು. ಎದೆ ಚೊಕ್ಕಟವಾಗಿದೆ, ಮನೆಯೊಳಗೆ ಇರಬಹುದು ಅಂದರು ಅಲ್ಲಿಯ ಡಾಕ್ಟರು.

ಮನೆಯೊಳಗೆ ಬಂದ ದಿನ ಅತ್ತೆ ನನಗೆ ಎಣ್ಣೆ ನೀರು ಹಾಕಿದರು. ಗಂಡ ಮೈಸೂರಿನಿಂದ ಹೂ ತಂದಿದ್ದರು. ನೀರಿನ ದಾರಿಯ ಹೆಂಗಸರು ಬಂದು ಮಾತಾಡಿಸಿ ಹೋದರು. ಸಂಜೆ ಬಾಗಿಲಲ್ಲಿ ಮಾವ ಕೆಮ್ಮಿದರು. ನಾನು ಸೆರಗು ಎಳೆದುಕೊಂಡು ಒಲೆಯ ಹಿಂದಕ್ಕೆ ಸರಿದೆ. ಸೊಸೆ ಮನೆಗೆ ಬಂದಮೇಲೆ ಸೊಸೆಯೇ, ಮಾವ ಮಾವನೇ. ಕರು ಕೊಟ್ಟಿಗೆಯಲ್ಲಿತ್ತು, ನಮ್ಮಿಬ್ಬರ ನಡುವೆ ಉಳಿದದ್ದು ಕಂಬ. "ಬಾಯಾರ್ತಾ ಅದ," ಅಂದರು ಕಂಬಕ್ಕೆ. ಚೊಂಬು ಇಟ್ಟು, ಬಳೆ ಸದ್ದು ಮಾಡಿ, ಒಳಗೆ ಹೋಗಿ ಅತ್ತುಬಿಟ್ಟೆ. ಗುಡಿಸಲಿನಲ್ಲಿ ರಕ್ತ ಕಾರಿದಾಗಲೂ ಹಾಗೆ ಅತ್ತಿರಲಿಲ್ಲ. ಮನೆಯ ತುಂಬ ಜನ, ಊರಿನ ತುಂಬ ಮಾತು. ಉಂಡೆಯಾ ಅಂತ ಕರುವನ್ನು ಕೇಳುವವರು ಮಾತ್ರ ಇಲ್ಲ. ವಾಸಿಯಾದದ್ದಕ್ಕೆ ಹೀಗೆ ಅಳುವ ಹೆಂಗಸು ಇನ್ನೊಬ್ಬಳು ಇರಲಾರಳು.

ಪುಡಿಯನ್ನು ಅತ್ತೆ ಭರಣಿಗೆ ತುಂಬಿ ಅಟ್ಟದ ಮೇಲಿಟ್ಟರು. ಅದರ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ. ಮಾವನಿಗೆ ಕಣ್ಣು ಪೂರಾ ಹೋಯಿತು. ಕಣ್ಣು ಹೋದ ಮೇಲೂ ಬಾಗಿಲಲ್ಲಿ ಕೆಮ್ಮುವುದು ಬಿಡಲಿಲ್ಲ. ನಾನು ಸರಿಯುವುದನ್ನೂ ಬಿಡಲಿಲ್ಲ. ಅವರಿಗೆ ಹೇಗೂ ಕಾಣುವುದಿಲ್ಲ, ಸುಮ್ಮನೆ ನಿಂತು ಮುಖ ನೋಡಬಹುದಿತ್ತು. ಆದರೆ ಬಳೆಯ ಸದ್ದು ಯಾವ ಮೂಲೆಯಿಂದ ಬಂತು ಅಂತ ಅವರಿಗೆ ತಿಳಿಯುತ್ತಿತ್ತು.

ನಾಲ್ಕೈದು ವರ್ಷದ ಮೇಲೆ, ಅವರೆಕಾಯಿಯ ಕಾಲದಲ್ಲಿ ಅವರು ತೀರಿಕೊಂಡರು. ನಮ್ಮ ಕಡೆ ಹೆಣದ ಮುಂದೆ ಹೆಂಗಸರು ಕೂತು, ಸತ್ತವರ ಮುಖ ನೋಡಿ, ಅವರನ್ನೇ ಕರೆದು ಹಾಡಿ ಹೇಳಿ ಅಳುತ್ತಾರೆ. ಅವತ್ತೊಂದು ದಿನ ಸೊಸೆಗೂ ಕಟ್ಟುಪಾಡಿಲ್ಲ. ಮಾವನ ಎದುರು ಕೂರಬಹುದು, ಮುಖ ನೋಡಬಹುದು, ಬಾಯಿ ತುಂಬ ಮಾವ ಅಂತ ಕರೆಯಬಹುದು. ಎಲ್ಲರೂ ಅವರ ಗುಣ ಹೇಳಿ ಅತ್ತರು. ನನ್ನ ಸರದಿ ಬಂತು. ಆ ಮುಖವನ್ನು ಅಷ್ಟು ಹತ್ತಿರದಿಂದ ಆಗಲೇ ನಾನು ನೋಡಿದ್ದು; ಹಣೆಯ ಮೇಲೆ ಒಂದು ಹಳೇ ಗಾಯದ ಕಲೆ ಇತ್ತು, ಅದೂ ನನಗೆ ಗೊತ್ತಿರಲಿಲ್ಲ. ಹೇಳಲು ಬೇಕಾದಷ್ಟಿತ್ತು. ಬಾಯಿಗೆ ಬಂದದ್ದು ಒಂದೇ ಮಾತು.

"ಮಿಂಚ್ತಾ ಅದ, ಮಾವ," ಅಂದೆ. "ಇನ್ನೂ ಮಿಂಚ್ತಾ ಅದ."

ಹೆಂಗಸರು ಮುಖ ಮುಖ ನೋಡಿಕೊಂಡರು. ಸಂಕಟದಲ್ಲಿ ಏನೋ ಅನ್ನುತ್ತಾಳೆ ಅಂದುಕೊಂಡಿರಬೇಕು. ತಲೆಯ ಹತ್ತಿರ ಕೂತಿದ್ದ ಅತ್ತೆ ಮಾತ್ರ ಹೆಣದ ಮೇಲಿಂದ ಕೈ ಚಾಚಿ ನನ್ನ ಕೈ ಹಿಡಿದುಕೊಂಡರು.

"ಅದ ಕಣಮ್ಮಿ," ಅಂದರು. "ನಾನೂ ನೋಡ್ದಿ."